ಬಿಡುವಣ್ಣನ ಗಂಟೆ

ಮಧ್ಯಾಹ್ನದ ಊಟದ ಭಾರ ಇನ್ನೂ ಇಳಿದಿರಲಿಲ್ಲ. ಜಾಫರನ ಮೇಜಿನಿಂದ ‘ಟಿಣ್’ ಎಂದು ಸದ್ದು ಬಂತು. ದೇವರ ಮನೆಯ ಪುಟ್ಟ ಹಿತ್ತಾಳೆ ಗಂಟೆಯನ್ನು ಬೆರಳ ತುದಿಯಿಂದ ಮುಟ್ಟಿದರೆ ಬರುವಂಥ ಸದ್ದು. ಅವನ ಮುಂದಿನ ಪರದೆ ಕಪ್ಪಾಯಿತು, ನಾಲ್ಕು ಗುಟುಕು ನೀರು ಕುಡಿಯುವಷ್ಟರಲ್ಲಿ ಮತ್ತೆ ಬೆಳಗಿತು. ಅವನು ನೋಡಿಕೊಳ್ಳುತ್ತಿದ್ದ ಮೂರು ಗಾಡಿಗಳನ್ನು ಅಷ್ಟು ಹೊತ್ತು ಪಕ್ಕದ ಕಂಪ್ಯೂಟರು ನೋಡಿಕೊಂಡಿತ್ತು. ಈಗ ಅವು ಏನೂ ಆಗಿಲ್ಲವೆಂಬಂತೆ ಅವನ ಪರದೆಗೆ ಮರಳಿದವು.

“ಎಲ್ಲಿ ಹೋಗಿದ್ಯೋ ಜಾಫರಾ?” ಹಿಂದಿನ ಸಾಲಿನಿಂದ ಗೋದಾಬಾಯಿ ಕೇಳಿದರು.

“ಎಲ್ಲಿ ಹೋಗ್ಲಿ ಅಕ್ಕಾ, ಇಲ್ಲೇ ಕುಂತೀನಲ್ಲ.”

“ಬಿಡುವಣ್ಣ ಸುಳ್ಳ ಹೇಳ್ತಾನೇನು? ಗಂಟಿ ಬಾರಿಸ್ಯಾನ.”

“ಕೆರಿ ದಂಡಿ ಮಿರ್ಚಿ ನೆನಪಾತು. ಎಣ್ಣ್ಯಾಗ ಬಿಟ್ಟಿದ್ದ ಅಂವ, ಇನ್ನೂ ತೆಗದಿರ್ಲಿಲ್ಲ. ಅಷ್ಟರಾಗ ಟಿಣ್ ಅಂತು.”

ಇಡೀ ಕೋಣೆ ನಕ್ಕಿತು. ಕಿಟಕಿಯ ಪಕ್ಕದ ಮೇಜಿನ ನೀಲಾಂಬಿಕೆ ಮಾತ್ರ ನಗಲಿಲ್ಲ. ನಕ್ಕರೆ ಎಲ್ಲರ ಕಣ್ಣೂ ತನ್ನತ್ತ ತಿರುಗುತ್ತದೆಂದು ಅವಳಿಗೆ ಗೊತ್ತಿತ್ತು. ಬೆಳಗಿನಿಂದ ಅತಿ ಹೆಚ್ಚು ಗಂಟೆ ಬಾರಿಸಿದ್ದು ಅವಳ ಮೇಜೇ.

ಇದು ಇನ್ನು ಮೂವತ್ತು ವರ್ಷಗಳ ಮೇಲಿನ ಹುಬ್ಬಳ್ಳಿ. ಉಣಕಲ್ ಕೆರೆಗೆ ಮುಖಮಾಡಿದ್ದ ಆ ಕಟ್ಟಡದ ಮೂರನೆಯ ಮಹಡಿಯಲ್ಲಿ ‘ಶೀತವಾಹಿನಿ’ ಎಂಬ ಕಂಪನಿಯ ಕಚೇರಿಯಿತ್ತು. ರಕ್ತ, ಲಸಿಕೆ, ಹಾವಿನ ವಿಷಕ್ಕೆ ಕೊಡುವ ಮದ್ದು, ಹೀಗೆ ತಣ್ಣಗೇ ಇರಬೇಕಾದ ವಸ್ತುಗಳನ್ನು ಚಾಲಕರಿಲ್ಲದ ಗಾಡಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮುಟ್ಟಿಸುವುದು ಅದರ ಕೆಲಸ. ಗಾಡಿಗಳು ತಾವೇ ಓಡುತ್ತಿದ್ದವು. ಆದರೆ ಕುರಿ ಹಿಂಡು ಅಡ್ಡ ಬಂದಾಗ, ಮದುವೆಯ ಮೆರವಣಿಗೆ ಎದುರಾದಾಗ, ರೈಲು ಗೇಟಿನ ಮುಂದೆ ನಿಂತಾಗ, ಮುಂದೆ ಹೋಗಲೇ ಎಂದು ಕಚೇರಿಯನ್ನು ಕೇಳುತ್ತಿದ್ದವು. ಪರದೆಯ ಮುಂದೆ ಕೂತವರು ದಾರಿ ನೋಡಿ ‘ಹೂಂ’ ಎನ್ನುವ ಗುಂಡಿ ಒತ್ತಬೇಕು. ಒತ್ತದಿದ್ದರೆ ಗಾಡಿ ರಸ್ತೆಯ ಬದಿಗೆ ಸರಿದು ಸುಮ್ಮನೆ ನಿಂತುಬಿಡುತ್ತಿತ್ತು.

ಬಿಡುವಿಲ್ಲದೆ ನಡೆಯುವ ಕಂಪ್ಯೂಟರಿನ ನೆನಪಿನಲ್ಲಿ ಅರ್ಧಕ್ಕೆ ಬಿಟ್ಟ ಲೆಕ್ಕಗಳು, ಮುಚ್ಚದೆ ಹೋದ ಕಡತಗಳು ಅಡುಗೆಮನೆಯ ಮುಸುರೆಯಂತೆ ತುಂಬಿಕೊಳ್ಳುತ್ತವೆ. ಆಗಾಗ ಮರುಚಾಲನೆ ಮಾಡಿದರೆ, ಅಂದರೆ ಒಮ್ಮೆ ಆರಿಸಿ ಹೊತ್ತಿಸಿದರೆ, ಎಲ್ಲ ತೊಳೆದುಹೋಗುತ್ತದೆ. ಹಿಂದೆ ಪುಣೆಯ ಮುಖ್ಯ ಕಚೇರಿ ಒಂದು ಹೊತ್ತು ಗೊತ್ತುಮಾಡಿ ದೂರದಿಂದಲೇ ಎಲ್ಲ ಕಂಪ್ಯೂಟರುಗಳನ್ನೂ ಮರುಚಾಲನೆ ಮಾಡುತ್ತಿತ್ತು. ಹಗಲೂ ರಾತ್ರಿ ಗಾಡಿಗಳು ಓಡತೊಡಗಿದ ಮೇಲೆ ಯಾವ ಹೊತ್ತು ಗೊತ್ತುಮಾಡಿದರೂ ಯಾರದೋ ಕೆಲಸ ನಡುವೆ ಮುರಿಯುತ್ತಿತ್ತು. ಗಾಬರಿಯಲ್ಲಿ ಜನ ತಾವೇ ಆರಿಸಿ ಅನಾಹುತ ಮಾಡಿಕೊಂಡಿದ್ದರಿಂದ ಕಂಪ್ಯೂಟರುಗಳ ಗುಂಡಿಗಳನ್ನೂ ತೆಗೆಸಿಹಾಕಿದ್ದರು.

ಆಗ ಬಂದದ್ದು ಡಾ. ಸುಧನ್ವ ಕಟ್ಟಿಯವರ ಬಿಡುವು ಶೋಧಕ, ಕಚೇರಿಯವರ ಬಾಯಲ್ಲಿ ‘ಬಿಡುವಣ್ಣ’. ಮನುಷ್ಯನ ಮನಸ್ಸು ಎಷ್ಟೇ ಕೆಲಸದಲ್ಲಿದ್ದರೂ ಆಗಾಗ ಕೆಲವು ಕ್ಷಣ ಕಳಚಿಕೊಂಡು ಬೇರೆಲ್ಲೋ ಹೋಗಿ ಬರುತ್ತದೆ. ಹಾಗೆ ಹೋದಾಗ ಕಣ್ಣಿನ ಪಾಪೆ ಹಿಗ್ಗುತ್ತದೆ, ಉಸಿರು ಉದ್ದವಾಗುತ್ತದೆ, ಕೈ ಸಡಿಲುತ್ತದೆ. ಮೇಜಿನ ಮೇಲ್ಗಡೆ ಕೂರಿಸಿದ ಗೋಲಿಯಷ್ಟು ದೊಡ್ಡ ಗಾಜಿನ ಕಣ್ಣೊಂದು ಇದನ್ನೆಲ್ಲ ಗಮನಿಸಿ ಪುಣೆಗೆ ತಿಳಿಸುತ್ತಿತ್ತು. ಅಲ್ಲಿಂದ ಆಜ್ಞೆ ಬಂದು ಆ ಒಂದು ಕಂಪ್ಯೂಟರು, ಆ ಒಂದು ಕ್ಷಣದಲ್ಲಿ, ಮರುಚಾಲನೆಯಾಗುತ್ತಿತ್ತು. ಯಾರ ಕೆಲಸವೂ ಕೆಡುತ್ತಿರಲಿಲ್ಲ. ಹೇಳದೆ ಕೇಳದೆ ಪರದೆ ಕಪ್ಪಾದರೆ ಜನ ಬೆಚ್ಚಿಬೀಳಬಾರದೆಂದು ಡಾಕ್ಟರು ಒಂದು ಮೆಲುವಾದ ಗಂಟೆಯನ್ನೂ ಸೇರಿಸಿದ್ದರು. ಅದು ಅವರ ಸೌಜನ್ಯ.

ಆ ಗಂಟೆ ಕೂತವರಿಗಷ್ಟೇ ಅಲ್ಲ, ಇಡೀ ಕೋಣೆಗೆ ಕೇಳಿಸುತ್ತದೆಂಬುದು ಅವರಿಗೆ ಹೊಳೆದಿರಲಿಲ್ಲ.

ನೀಲಾ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ಪಾಠದ ನಡುವೆ ಕಿಟಕಿಯಾಚೆ ನೋಡುತ್ತಾಳೆಂದು ಮಾಸ್ತರರು ಅವಳನ್ನು ಗೋಡೆಯ ಕಡೆ ಕೂರಿಸಿದ್ದರು. ಗೋಡೆಯ ಸುಣ್ಣ ಎದ್ದ ಕಡೆಯಲ್ಲೂ ಅವಳಿಗೆ ನೋಡಲು ಏನಾದರೂ ಸಿಗುತ್ತಿತ್ತು. ಆಮೇಲೆ ಶೀತವಾಹಿನಿಯ ಗಾಡಿ ತೊಳೆಯುವ ಕೆಲಸಕ್ಕೆ ಸೇರಿ, ನಾಲ್ಕು ವರ್ಷ ತೊಳೆದು, ಪರೀಕ್ಷೆ ಕಟ್ಟಿ ಈ ಮೇಜಿಗೆ ಬಂದಿದ್ದಳು. ಅವಳದಿನ್ನೂ ಖಾಯಂ ಆಗದ ನೌಕರಿ. ಇದು ಹೋದರೆ ಮತ್ತೆ ನೀರಿನ ಪೈಪು ಹಿಡಿಯಬೇಕು. ಪೈಪಿನ ಬಗ್ಗೆ ಅವಳಿಗೆ ಅಸಹ್ಯವಿರಲಿಲ್ಲ. ಆದರೆ ಇಲ್ಲಿ ಕೂತು ಅವಳು ಜೀವನದಲ್ಲಿ ಮೊದಲ ಬಾರಿಗೆ ದಾರಿಗಳನ್ನು ನೋಡುತ್ತಿದ್ದಳು. ನವಲಗುಂದದ ಎರೆಹೊಲ, ಗದಗಿನ ಗಾಳಿಗಿರಣಿ, ಯಾವುದೋ ಊರಿನ ಅಗಸಿ ಬಾಗಿಲಲ್ಲಿ ಎಲೆ ಅಡಿಕೆ ಜಗಿಯುತ್ತ ಕೂತ ಮುದುಕರು. ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ.

ಮೊದಮೊದಲು ಬರೀ ಚೇಷ್ಟೆಯಿತ್ತು. “ಏನ ನೀಲಾ, ಗಂಡನ ಮನಿಗೆ ಹೋಗಿದ್ದೇನು?” ಎಂದು ಜಾಫರ ಕೇಳುವನು. “ಇನ್ನೂ ಹುಡುಕಾಕ ಹೋಗ್ಯಾಳ,” ಎಂದು ಇನ್ಯಾರೋ. ನೀಲಾ ತಲೆ ತಗ್ಗಿಸುವಳು. ಮನಸ್ಸು ಎಲ್ಲಿ ಹೋಗಿತ್ತೋ ಅದನ್ನು ಹೇಳಿದರೆ ಯಾರಿಗೂ ತಿಳಿಯುವಂಥದ್ದಲ್ಲ. ಆದರೆ ಹೋಗಿತ್ತೆಂಬುದು ಎಲ್ಲರಿಗೂ ತಿಳಿಯುತ್ತಿತ್ತಲ್ಲ, ಅದು ಸೀರೆಯ ಸೆರಗು ಜಾರಿದಷ್ಟು ಮುಜುಗರ ತರುತ್ತಿತ್ತು.

ಒಂದು ಸೋಮವಾರ ಮ್ಯಾನೇಜರ್ ಇನಾಮದಾರರು ಗೋಡೆಯ ದೊಡ್ಡ ಪರದೆಯಲ್ಲಿ ಒಂದು ಪಟ್ಟಿ ತೋರಿಸಿದರು. ತಲೆಬರಹ ‘ಮನೋಗೈರು’. ಯಾರ ಮನಸ್ಸು ವಾರದಲ್ಲಿ ಎಷ್ಟು ಸಲ ಕುರ್ಚಿ ಬಿಟ್ಟು ಹೋಗಿತ್ತೆಂಬ ಲೆಕ್ಕ. ಹೇಗೂ ಪುಣೆಯಲ್ಲಿ ದಾಖಲಾಗುತ್ತಿದ್ದದ್ದೇ ಅದು. ಯಾರೋ ಜಾಣರು ಅದನ್ನು ಸಿಬ್ಬಂದಿಯ ಹೆಸರಿನ ಮುಂದೆ ಜೋಡಿಸಿದ್ದರು, ಅಷ್ಟೇ.

“ಬೈಲಿಕ್ಕೆ ಅಲ್ಲ ಇದು,” ಎಂದರು ಇನಾಮದಾರರು. “ತಿಳಕೊಳ್ಳಿಕ್ಕೆ. ಆದ್ರ ನೀಲಾಂಬಿಕಾ, ನೀವು ಸ್ವಲ್ಪ ವಿಚಾರ ಮಾಡ್ರಿ. ಬರೋ ತಿಂಗಳ ಖಾಯಂ ಮಾಡೋರ ಹೆಸರು ಕಳಸಬೇಕು ನಾನು.”

ಅಂದಿನಿಂದ ಕೋಣೆಯಲ್ಲಿ ನಗು ನಿಂತಿತು. ಗಂಟೆ ಬಾರಿಸಿದ ಮೇಜಿನತ್ತ ಯಾರೂ ನೋಡುತ್ತಿರಲಿಲ್ಲ. ನೋಡದೆ ಇರುವುದೂ ಒಂದು ನೋಟವೇ ಆಗಿತ್ತು. ಜನ ಕುರ್ಚಿಯ ತುದಿಯಲ್ಲಿ ಕೂತರು. ಕಣ್ಣು ಅಗಲಿಸಿ ಪರದೆಯನ್ನು ನುಂಗುವಂತೆ ನೋಡಿದರು. ಪ್ರಯೋಜನವಾಗಲಿಲ್ಲ. ಮನಸ್ಸನ್ನು ಹಿಡಿದಿಟ್ಟಷ್ಟೂ ಅದು ಕೈಯೊಳಗಿನ ಮೀನಿನಂತೆ ನುಣುಚುತ್ತಿತ್ತು.

ಉಪಾಯ ಸಿಕ್ಕದ್ದು ಗೋದಾಬಾಯಿಗೆ. ಶ್ರಾವಣ ಹತ್ತಿರ ಬಂದಿತ್ತು. ಒಂದು ದಿನ ಅವರು ಅರಳೆಯ ಪೊಟ್ಟಣ ತಂದು, ಮೇಜಿನ ಮರೆಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹೂಬತ್ತಿ ಹೊಸೆಯುತ್ತ ಕೂತರು. ಆ ದಿನವಿಡೀ ಅವರ ಮೇಜು ಗಂಟೆ ಬಾರಿಸಲಿಲ್ಲ. ಮರುದಿನವೂ ಇಲ್ಲ. ಅವರೇ ಬೆರಗಾಗಿ ನೀಲಾಳ ಕಿವಿಯಲ್ಲಿ ಹೇಳಿದರು: “ಕೈ ಆಡ್ತಿದ್ರ ಈ ಕಣ್ಣಿಗೆ ಸಾಕಾಗ್ತದ ನೋಡವಾ. ಕೆಲಸದಾಗ ಇದ್ದಾರ ಅಂತ ತಿಳಕೋತದ. ಮುಂದ ನೋಡೂದs ಇಲ್ಲ.”

ನಿಜವೂ ಅದೇ. ಡಾ. ಕಟ್ಟಿಯವರು ಶೋಧಕವನ್ನು ಪ್ರಯೋಗಾಲಯದ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದ್ದರು. ಅವರಲ್ಲಿ ಒಬ್ಬರೂ ಬತ್ತಿ ಹೊಸೆಯುವವರಿರಲಿಲ್ಲ. ಕೈ ತನ್ನಷ್ಟಕ್ಕೆ ದುಡಿಯುತ್ತಿರುವಾಗ ಮನಸ್ಸು ಏಳು ಊರು ಸುತ್ತಿ ಬರಬಲ್ಲದೆಂಬುದು ಆ ಗಾಜಿನ ಕಣ್ಣಿಗೆ ಯಾರೂ ಕಲಿಸಿರಲಿಲ್ಲ.

ವಾರದೊಳಗೆ ಇಡೀ ಕಚೇರಿ ಬತ್ತಿ ಹೊಸೆಯತೊಡಗಿತು. ಕುಂಕುಮ ಹಚ್ಚಿದ ತುದಿಯ ಬತ್ತಿ, ಐದೆಳೆ ಬತ್ತಿ, ಗೆಜ್ಜೆವಸ್ತ್ರ.

“ನಮ್ಮ ಅಮ್ಮೀ ಕೇಳಿದ್ರ ಏನ್ ಹೇಳ್ಲಿ ಅಕ್ಕಾ?” ಜಾಫರ ಅರಳೆಯ ಎಳೆಯನ್ನು ತಿರುವುತ್ತ ಕೇಳಿದ. “ಹತ್ತ ವರ್ಷ ಓದಿಸಿದ್ಲು. ಈಗ ಕುಂತು ಹೂಬತ್ತಿ ಹೊಸ್ಯಾಕತ್ತೀನಿ.”

“ಛಲೋ ಮಾಡ್ತೀಯೋ ನೀ. ನಮ್ಮ ಸೊಸಿಗಿಂತ ನೆಟ್ಟಗ ಬರ್ತಾವ.”

“ಆಕೀಗೂ ಒಂದು ನೌಕರಿ ಕೊಡಸ್ರಿ ಇಲ್ಲಿ.”

ಮೇಜಿನ ಡ್ರಾಯರುಗಳು ಬಿಳಿ ಬತ್ತಿಗಳಿಂದ ತುಂಬಿದವು. ಹುಬ್ಬಳ್ಳಿಯ ಗುಡಿಗಳಿಗೆಲ್ಲ ಹಂಚಿದರೂ ಮುಗಿಯುವಂತಿರಲಿಲ್ಲ. ಮನೋಗೈರಿನ ಪಟ್ಟಿಯಲ್ಲಿ ಸೊನ್ನೆಗಳ ಸಾಲು ಬಂತು. ಪುಣೆಯಿಂದ ಇನಾಮದಾರರಿಗೆ ಅಭಿನಂದನೆಯ ಸಂದೇಶವೂ, ಎಲ್ಲರಿಗೆ ಒಂದೊಂದು ಡಬ್ಬಿ ಪೇಢೆಯೂ ಬಂದವು. ನೀಲಾಳ ಹೆಸರು ಖಾಯಂ ಆಗುವವರ ಜೊತೆ ಸೇರಿತು.

ಪೇಢೆ ಬಾಯಿಗಿಡುವಾಗ ಅವಳಿಗೆ ಒಳಗೊಳಗೇ ಏನೋ ಚುಚ್ಚುತ್ತಿತ್ತು. ಯಾರ ಮೇಜೂ ಗಂಟೆ ಬಾರಿಸದೆ, ಅಂದರೆ ಯಾವ ಕಂಪ್ಯೂಟರೂ ಮರುಚಾಲನೆಯಾಗದೆ, ಎಷ್ಟು ದಿನವಾಯಿತು? ಗುಂಡಿ ಒತ್ತಿದರೆ ಗಾಡಿ ಸ್ವಲ್ಪ ತಡೆದು ಹೊರಡುತ್ತಿತ್ತು. ಚಿತ್ರಗಳು ಒಮ್ಮೊಮ್ಮೆ ಎಡವಿದಂತೆ ನಿಂತು ಮುಂದೆ ಹೋಗುತ್ತಿದ್ದವು. ಕಂಪ್ಯೂಟರುಗಳು ಉಬ್ಬಸದವರ ಹಾಗೆ ಮೆಲ್ಲಗೆ ಏದುತ್ತಿದ್ದವು. ಹೇಳಬೇಕೆನಿಸಿತು. ಹೇಳಿದರೆ ಬತ್ತಿಯ ವಿಷಯವೂ ಹೇಳಬೇಕು. ಅವಳು ಸುಮ್ಮನಿದ್ದಳು. ಕೋಣೆಯಲ್ಲಿದ್ದ ಎಲ್ಲರೂ ಬಹುಶಃ ಅದೇ ಕಾರಣಕ್ಕೆ ಸುಮ್ಮನಿದ್ದರು.

ಆ ಮಂಗಳವಾರ ನೀಲಾಳ ಗಾಡಿಯೊಂದು ನರಗುಂದಕ್ಕೆ ಹೊರಟಿತ್ತು. ಪೆಟ್ಟಿಗೆಯಲ್ಲಿ ನಾಲ್ಕು ಚೀಲ ರಕ್ತ. ಹೆರಿಗೆಯಾದ ಹೆಣ್ಣುಮಗಳೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅವಳದು ಅಪರೂಪದ ಗುಂಪು. ನವಲಗುಂದ ದಾಟಿ ಹೊಸ ರೈಲು ಹಳಿಯ ಗೇಟಿನ ಮುಂದೆ ಗಾಡಿ ನಿಂತಿತು. ಗೇಟು ಮುಚ್ಚಿತ್ತು. ರೈಲು ಬರಬೇಕಿತ್ತು. ನೀಲಾ ಪರದೆ ನೋಡುತ್ತ ಬತ್ತಿ ಹೊಸೆಯುತ್ತಿದ್ದಳು.

ಗೇಟಿನ ಮೇಲೆ ಹಾದುಹೋದ ತಂತಿಯ ಮೇಲೊಂದು ಕಾಜಾಣ ಕೂತಿತ್ತು. ಕರಿ ಮೈ, ಸೀಳಿದ ಬಾಲ. ಅವಳ ಮನಸ್ಸು ಅದರ ಬೆನ್ನೇರಿತು. ಇದು ರಾತ್ರಿ ಎಲ್ಲಿ ಮಲಗುತ್ತದೆ? ಸುತ್ತ ಒಂದು ಮರವಿಲ್ಲ. ರೈಲಿನ ಸದ್ದಿಗೆ ಹೆದರುವುದಿಲ್ಲವೇ? ಗಾಳಿಗೆ ಅದರ ಬಾಲದ ಒಂದು ಗರಿ ಮೇಲೆದ್ದಿತ್ತು.

ಎದ್ದ ಗರಿ ಇಳಿದಿರಲಿಲ್ಲ.

ನೀಲಾಳ ಕೈ ನಿಂತಿತು. ಅವಳು ಬಗ್ಗಿ ನೋಡಿದಳು. ಗೇಟು ಹಾಗೇ, ತಂತಿ ಹಾಗೇ, ಗರಿಯೂ ಹಾಗೇ. ಅಷ್ಟರಲ್ಲಿ ಫೋನು ಬಂತು. ಆಸ್ಪತ್ರೆಯ ನರ್ಸು.

“ಅಕ್ಕಾರ, ಗಾಡಿ ಎಲ್ಲಿ ಬಂತ್ರಿ? ಡಾಕ್ಟರ್ ಮತ್ತ ಮತ್ತ ಕೇಳಾಕತ್ತಾರ.”

“ಗೇಟಿಗೆ ನಿಂತೇತ್ರಿ. ರೈಲು...”

“ರೈಲು ಆಗಳೇ ಹೋತಲ್ಲರಿ. ನಮ್ಮೂರ ಸ್ಟೇಶನ್ನಿಗೆ ಬಂದು ಸೀಟಿ ಹೊಡೀತು.”

ನೀಲಾ ಗುಂಡಿ ಒತ್ತಿದಳು. ಮತ್ತೆ ಒತ್ತಿದಳು. ಪರದೆ ಕಲ್ಲಾಗಿತ್ತು. ಅಲ್ಲಿ ಎಲ್ಲೋ ತೆರೆದ ಗೇಟಿನ ಮುಂದೆ, ಬಿಸಿಲಲ್ಲಿ, ಗಾಡಿ ಅವಳ ಒಂದು ‘ಹೂಂ’ಗಾಗಿ ಕಾಯುತ್ತ ನಿಂತಿತ್ತು.

“ಜಾಫರಣ್ಣಾ, ನನ್ನ ಗಾಡಿ ತಗೋ ನಿನ್ನ ಕಡೆ.”

ಜಾಫರ ಪ್ರಯತ್ನಿಸಿದ. “ಬರವಲ್ದು. ನಿಂದು ತಾನೂ ನಡಸವಲ್ದು, ಬಿಟ್ಟೂ ಕೊಡವಲ್ದು.”

ಇನಾಮದಾರರು ಓಡಿಬಂದು ಪುಣೆಗೆ ಫೋನು ಹಚ್ಚಿದರು. ಅಲ್ಲಿ ಮಾತಾಡಿದ್ದು ಮನುಷ್ಯರಲ್ಲ. “ಈ ಕಂಪ್ಯೂಟರಿನ ಸಿಬ್ಬಂದಿ ಪೂರ್ಣ ಗಮನದಲ್ಲಿದ್ದಾರೆ. ಗಮನದಲ್ಲಿರುವಾಗ ಮರುಚಾಲನೆ ಮಾಡಲಾಗುವುದಿಲ್ಲ. ವಿಶೇಷ ಅನುಮತಿಗೆ ದಯವಿಟ್ಟು ಕಾಯಿರಿ,” ಎಂದು ಒಂದು ಇಂಪಾದ ದನಿ ಹೇಳಿತು. ಮತ್ತೆ ಅದನ್ನೇ ಹೇಳಿತು.

“ಇನ್ನೊಂದು ಗಾಡಿ ಕಳಸ್ರಿ,” ಎಂದ ಜಾಫರ.

“ಆ ಗುಂಪಿನ ರಕ್ತ ಮತ್ತೆಲ್ಲಿಂದ ತರೂದು? ಆ ಪೆಟ್ಟಿಗಿ ಆಸ್ಪತ್ರಿಗೆ ಮುಟ್ಟಿದ ಮ್ಯಾಲೇ ತೆರೀತದ,” ಎಂದರು ಇನಾಮದಾರರು.

ನೀಲಾ ತಲೆಯೆತ್ತಿ ಗಾಜಿನ ಕಣ್ಣನ್ನು ನೋಡಿದಳು. ಕಂಪ್ಯೂಟರು ಸತ್ತಂತಿದ್ದರೂ ಆ ಕಣ್ಣು ಎಚ್ಚರವಾಗಿತ್ತು. ಅದರ ತಂತಿ ಬೇರೆ, ನೇರ ಪುಣೆಗೆ. ಪುಣೆಯ ಆಜ್ಞೆ ಕೇಳಲು ಕಂಪ್ಯೂಟರಿನ ತಳದಲ್ಲಿ ಕಲ್ಲಾಗದ ಚಿಪ್ ಒಂದಿದೆ ಎಂದು ತರಬೇತಿಯಲ್ಲಿ ಎಲ್ಲರಿಗೂ ಹೇಳಿದ್ದರು. ಅವಳು ತೊಡೆಯ ಮೇಲಿನ ಅರಳೆಯನ್ನು ಎತ್ತಿ, ಎಲ್ಲರಿಗೂ ಕಾಣುವಂತೆ, ಮೇಜಿನ ಮೇಲಿಟ್ಟಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಮುಖವನ್ನು ಕಿಟಕಿಯತ್ತ ತಿರುಗಿಸಿದಳು.

“ಏನ್ ಮಾಡ್ಲಿಕತ್ತೀರಿ ನೀವು?” ಇನಾಮದಾರರು ಕೂಗಿದರು. “ಅಲ್ಲೊಂದು ಜೀವ ಹೋಗ್ಲಿಕತ್ತದ, ಕೆರಿ ನೋಡ್ತೀರೇನು?”

“ಗೈರಾಗಾಕತ್ತೀನ್ರಿ ಸರ್,” ಎಂದಳು ನೀಲಾ. “ನಾ ಗೈರಾಗೂತನಕ ಇದು ಸುರು ಆಗೂದಿಲ್ಲ.”

ಎಲ್ಲರೂ ಅವಳತ್ತ ತಿರುಗಿದರು.

ಆದರೆ ಮನಸ್ಸು ಹೋಗಲಿಲ್ಲ. ಬದುಕಿನುದ್ದಕ್ಕೂ ಬೇಡವೆಂದರೂ ಹೋಗುತ್ತಿದ್ದ ಮನಸ್ಸು, ಹೋಗು ಎಂದಾಗ ಮೊಳೆ ಹೊಡೆದಂತೆ ಕೂತಿತು. ಕೆರೆಯ ನೀರು ನೋಡಿದಳು; ಅಲ್ಲಿ ರಕ್ತದ ಚೀಲ ಕಂಡಿತು. ಗೋಡೆಯ ಸುಣ್ಣ ನೆನೆದಳು; ನರ್ಸಿನ ದನಿ ಕೇಳಿತು. ಹತ್ತಾರು ಜನ ಉಸಿರು ಬಿಗಿಹಿಡಿದು ತನ್ನ ಮನಸ್ಸು ಹೊರಡುವುದನ್ನು ಕಾಯುತ್ತಿದ್ದಾರೆ. ಹೀಗೆ ಕಾವಲಿರುವ ಬಾಗಿಲಿಂದ ಯಾರು ತಾನೆ ಹೊರಡಬಲ್ಲರು?

ಗೋದಾಬಾಯಿ ಎದ್ದು ನಿಂತರು. “ಎಲ್ಲಾರೂ ಆ ಕಡೆ ಹೊಳ್ರಿ,” ಎಂದರು. “ಸರ್, ನೀವೂ. ಆಕೀನ್ನ ಹಂಗ ದಿಟ್ಟಿಸಿ ನೋಡ್ಬ್ಯಾಡ್ರಿ.”

ಕುರ್ಚಿಗಳು ಕಿರುಗುಟ್ಟಿದವು. ಇನಾಮದಾರರು ಕೂಡ ಗೋಡೆಯ ಕಡೆ ಮುಖಮಾಡಿ ನಿಂತರು, ಶಾಲೆಯಲ್ಲಿ ಶಿಕ್ಷೆಗೆ ನಿಂತ ಹುಡುಗನ ಹಾಗೆ.

ಗೋದಾಬಾಯಿ ಎದ್ದ ಗಾಳಿಗೆ ಅರಳೆಯ ಒಂದು ಎಳೆ ಮೇಲೆದ್ದಿತ್ತು. ಅದು ಕಿಟಕಿಯ ಬೆಳಕಿಗೆ ಬಂದು, ಅಲ್ಲಿ ಇಳಿಯಲೋ ಬೇಡವೋ ಎಂದು ತೂಗಿತು. ನೀಲಾ ಅದನ್ನು ನೋಡಿದಳು. ಎಷ್ಟು ಹಗುರ. ಯಾವ ಹೊಲದ ಹತ್ತಿಯೋ. ಕಾಯಿ ಒಡೆದ ಬೆಳಗ್ಗೆ ಅದಕ್ಕೆ ಚಳಿಯಾಗಿರಬಹುದೇ. ಬಿಡಿಸಿದವಳ ಕೈಯಲ್ಲಿ ಬಳೆಯಿತ್ತೋ ಇಲ್ಲವೋ. ಎಳೆ ಕಿಟಕಿಯ ಸಂದಿನಿಂದ ಹೊರಗೆ ನುಸುಳಿತು, ಕೆರೆಯ ಕಡೆ...

ಗಂಟೆ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು, ನೀಲಾಳನ್ನು ಬಿಟ್ಟು.

“ನೀಲಾ,” ಜಾಫರ ಮೆಲ್ಲಗೆ ಅವಳ ಮೇಜನ್ನು ಬಡಿದ. “ಬಾ ವಾಪಸ್. ಹತ್ತೇತಿ.”

ಪರದೆ ಬೆಳಗಿತ್ತು. ಗೇಟು ತೆರೆದಿತ್ತು. ತಂತಿಯ ಮೇಲೆ ಕಾಜಾಣ ಇರಲಿಲ್ಲ. ಅವಳು ಗುಂಡಿ ಒತ್ತಿದಳು, ಗಾಡಿ ಹೊರಟಿತು. ಸಂಜೆ ನರ್ಸು ಫೋನು ಮಾಡಿ, “ಉಳಿದ್ಲರಿ,” ಎಂದಷ್ಟೇ ಹೇಳಿದಳು. ಆಮೇಲೆ ಅಳುವ ಸದ್ದು ಬಂತು, ಅವಳದೋ ಕೂಸಿನದೋ ತಿಳಿಯಲಿಲ್ಲ.

ಮೂರನೆಯ ದಿನ ಡಾ. ಕಟ್ಟಿ ಬಂದರು. ತೆಳ್ಳಗಿನ, ಬಾಗಿದ ಹೆಗಲಿನ ಮನುಷ್ಯ. ಡ್ರಾಯರು ಎಳೆದು ಬತ್ತಿಯ ರಾಶಿ ನೋಡಿ ನಗತೊಡಗಿದವರು ಎರಡನೆಯ ಡ್ರಾಯರಿಗೆ ನಗು ನಿಲ್ಲಿಸಿದರು. ಮೂರನೆಯದನ್ನು ತೆರೆಯಲಿಲ್ಲ. ನೀಲಾಳ ಎದುರು ಕುರ್ಚಿ ಎಳೆದುಕೊಂಡು ಕೂತರು.

“ನಾನು ಕಂಪ್ಯೂಟರಿಗೆ ಬಿಡುವು ಹುಡುಕಿದೆ ಅಂತ ತಿಳಕೊಂಡಿದ್ದೆ,” ಎಂದರು. “ಅದು ನಿಮ್ಮ ಬಿಡುವು ಅನ್ನೂದು ನನ್ನ ತಲಿಗೇ ಬರಲಿಲ್ಲ.”

ನೀಲಾ ಮೇಜಿನ ಮೇಲೆ ಉಳಿದಿದ್ದ ಅರಳೆಯ ಚೂರನ್ನು ಒರೆಸಿ ತೆಗೆದಳು.

“ಒಂದು ಕೇಳ್ಲೇನು? ಗಂಟಿ ಆದಾಗ ಎಲ್ಲಿದ್ರಿ ನೀವು? ನಮ್ಮ ಅಭ್ಯಾಸಕ್ಕ ಉಪಯೋಗ ಆಗ್ತದ.”

ಅವಳು ಬೆರಳ ಉಗುರು ನೋಡಿದಳು. “ಅದನ್ನ ಹೇಳೂದಿಲ್ಲರಿ,” ಎಂದಳು.

ಡಾಕ್ಟರು ತಲೆದೂಗಿದರು. ಸಿಟ್ಟಾದಂತೆ ಕಾಣಲಿಲ್ಲ. ಗಂಟೆಯನ್ನೂ ಪಟ್ಟಿಯನ್ನೂ ತೆಗೆಯಬೇಕೆಂದು ಕಂಪನಿಗೆ ಬರೆದುಹೋದರು.

ಕಂಪನಿ ಮೊದಲು ಬೇರೆಯೇ ದಾರಿ ಹಿಡಿಯಿತು. ದಿನವೂ ಮಧ್ಯಾಹ್ನ ಮೂರಕ್ಕೆ ಎಲ್ಲ ಸಿಬ್ಬಂದಿಯೂ ಕೈಕಟ್ಟಿ ಕಿಟಕಿಯಾಚೆ ನೋಡತಕ್ಕದ್ದೆಂದು ಆದೇಶ ಬಂತು. ಸಾಲಾಗಿ ಕೂತು ಎಲ್ಲರೂ ಕೆರೆ ನೋಡಿದರು. ಇನಾಮದಾರರು ಬಾಗಿಲಲ್ಲಿ ನಿಂತು ಕಾದರು. ಒಂದು ಗಂಟೆಯೂ ಬಾರಿಸಲಿಲ್ಲ. “ಇನ್ನೂ ಇಲ್ಲೇ ಇದ್ದೀನೋ ಹೋಗೀನೋ, ಒಂಚೂರು ನೋಡಿ ಹೇಳ್ರಿ ಅಕ್ಕಾ,” ಎಂದು ಜಾಫರ ಪಿಸುಗುಟ್ಟಿದ. ಬಹಳ ದಿನಗಳ ಮೇಲೆ ಕೋಣೆ ನಕ್ಕಿತು. ಆ ನಗು ಅಡಗಿ, ಎಲ್ಲರೂ ಆದೇಶವನ್ನು ಮರೆತು ಸುಮ್ಮನಾದ ಮೇಲೆ, ಅಲ್ಲೊಂದು ಇಲ್ಲೊಂದು ಟಿಣ್ ಎಂದಿತು.

ಆದೇಶ ರದ್ದಾಯಿತು. ಗಂಟೆಯನ್ನು ತೆಗೆದರು. ಗೋಡೆಯ ಪಟ್ಟಿಯೂ ಮಾಯವಾಯಿತು. ನೀಲಾ ಖಾಯಂ ಆದಳು. ಬತ್ತಿಗಳನ್ನು ಗೋದಾಬಾಯಿ ಗೋಣಿಚೀಲದಲ್ಲಿ ಮನೆಗೊಯ್ದರು. ಕಂಪ್ಯೂಟರುಗಳು ಈಗ ಸದ್ದಿಲ್ಲದೆ ಕಪ್ಪಾಗಿ ಸದ್ದಿಲ್ಲದೆ ಬೆಳಗುತ್ತವೆ.

ಆದರೆ ಗಾಜಿನ ಕಣ್ಣು ಮೇಜಿನ ಮೇಲ್ಗಡೆ ಹಾಗೇ ಇದೆ. ಲೆಕ್ಕ ತೋರಿಸುವುದನ್ನು ಬಿಟ್ಟಿದ್ದಾರೆ. ಲೆಕ್ಕ ಇಡುವುದನ್ನು ಬಿಟ್ಟಿದ್ದಾರೆಂದು ಯಾರೂ ಹೇಳಿಲ್ಲ. ನೀಲಾ ಒಮ್ಮೊಮ್ಮೆ ತಂತಿಯ ಮೇಲಿನ ಹಕ್ಕಿಯಿಂದ ತಟ್ಟನೆ ಮರಳಿ, ತಾನು ಹೋಗಿದ್ದು ಎಲ್ಲಿ ದಾಖಲಾಯಿತೋ ಎಂದು ತಲೆಯೆತ್ತಿ ನೋಡುತ್ತಾಳೆ. ಮೊದಲು ಗಂಟೆಯಾದರೂ ತಿಳಿಸುತ್ತಿತ್ತು.

ಅವಳ ಕಾಲ ಬರಲು ಇನ್ನೂ ಮೂವತ್ತು ವರ್ಷವಿದೆ. ಇದನ್ನು ಓದುತ್ತಿದ್ದಾಗ ನಡುವೆ ಎಲ್ಲೋ ನಿಮ್ಮ ಮನಸ್ಸೂ ಒಂದು ಗಳಿಗೆ ಹೊರಗೆ ಹೋಗಿ ಬಂದಿರಬೇಕು. ಯಾವ ಸಾಲಿನಲ್ಲಿ ಹೋಯಿತು, ಯಾರನ್ನು ನೋಡಿ ಬಂತು ಎಂಬುದು ನಿಮಗೊಬ್ಬರಿಗೇ ಗೊತ್ತು. ಸದ್ಯಕ್ಕೆ.